ಹಳೇದು ಮೊದಲು

ಅತ್ತೆ ತೀರಿಕೊಂಡು ನಾಲ್ಕು ತಿಂಗಳಾಯಿತು. ಏನಾಗಿತ್ತು ಎಂದು ಕೇಳಿದವರಿಗೆಲ್ಲ ಬಿ.ಪಿ. ಜಾಸ್ತಿಯಾಗಿತ್ತು ಎನ್ನುತ್ತೇವೆ. ಅದೇನೂ ಸುಳ್ಳಲ್ಲ. ಆದರೆ ಹಾಗೆ ಹೇಳುವಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಅವರಿಗೆ ಬೇಕಾಗಿದ್ದ ಔಷಧಿ ಮನೆಯಲ್ಲೇ ಇತ್ತು. ಕಪಾಟಿನಲ್ಲಿ, ಸಾಲಿನ ಹಿಂದೆ. ಅಲ್ಲಿಟ್ಟವಳು ನಾನು. ಇದನ್ನು ಒಂದು ಸಲ ಬಾಯಿ ಬಿಟ್ಟು ಹೇಳದಿದ್ದರೆ ನನಗೆ ತಿಂದ ಅನ್ನ ಮೈಗೆ ಹತ್ತುವುದಿಲ್ಲ.

ಅತ್ತೆ ಮೂವತ್ತೊಂದು ವರ್ಷ ಒಂದು ದೊಡ್ಡ ಹಾಸ್ಟೆಲಿನ ಉಗ್ರಾಣ ನೋಡಿಕೊಂಡವರು. ನಾನೂರು ಮಕ್ಕಳ ಅಕ್ಕಿ, ಬೇಳೆ, ಎಣ್ಣೆ, ಸೋಪು, ಬಲ್ಬು ಎಲ್ಲದರ ಬೀಗದಕೈ ಅವರ ಸೊಂಟದಲ್ಲಿ. ಉಗ್ರಾಣಕ್ಕೆ ಒಂದೇ ಕಾನೂನು. ಹೊಸ ಮಾಲು ಬಂದರೆ ಹಿಂದೆ ಇಡು, ಹಳೆಯದನ್ನು ಮುಂದಕ್ಕೆ ಎಳೆ, ಮುಂದಿದ್ದದ್ದನ್ನೇ ಮೊದಲು ಖರ್ಚು ಮಾಡು. ಹಾಗೆ ಮಾಡಿದರೆ ಯಾವುದೂ ಹುಳ ಬಿದ್ದು ಹಾಳಾಗುವುದಿಲ್ಲ. ಕೆಲಸ ಬಿಟ್ಟ ದಿನ ಹಾಸ್ಟೆಲಿನವರು ಅವರಿಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಕಾನೂನನ್ನು ಅತ್ತೆ ತಾವೇ ಹೊತ್ತುಕೊಂಡು ಬಂದರು. ನಮ್ಮ ಬೀದಿಯಲ್ಲಿ ಅವರನ್ನು ಉಗ್ರಾಣದಮ್ಮ ಎಂದೇ ಕರೆಯುತ್ತಿದ್ದರು. ಅವರಿಗೆ ಅದು ಬಿರುದು ಸಿಕ್ಕ ಹಾಗಿತ್ತು.

ನಮ್ಮದು ಎರಡು ಕೋಣೆ, ಒಂದು ಅಡುಗೆಮನೆ. ಎರಡು ಕೋಣೆಗಳ ನಡುವಿನ ಗೋಡೆಗೆ ಒರಗಿಸಿಟ್ಟ ಮರದ ಕಪಾಟೇ ಅತ್ತೆಯ ಹೊಸ ಉಗ್ರಾಣ. ಮೇಲಿನ ಹಲಗೆಯಲ್ಲಿ ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೊಟ್ಟಣ, ಔಷಧಿ. ನಡುವೆ ಅಕ್ಕಿ, ಬೇಳೆ, ಹಿಟ್ಟು, ಉಪ್ಪು, ಬಿಸ್ಕತ್ತು. ಕೆಳಗೆ ಕಾಗದ ಬಿಚ್ಚಿ ಒಣಗಲು ಬಿಟ್ಟ ಸೋಪುಗಳು, ಯಾಕೆಂದರೆ ಒಣಗಿದ ಸೋಪು ಬೇಗ ಕರಗುವುದಿಲ್ಲವಂತೆ. ಕೈಯಲ್ಲಿ ನಾಲ್ಕು ಕಾಸು ಉಳಿದರೆ ಅದು ಕಪಾಟಿಗೆ. "ಕಷ್ಟ ಹೇಳಿ ಕೇಳಿ ಬರಲ್ಲ. ಬಂದಾಗ ಪಕ್ಕದ ಮನೆ ಬಾಗಿಲು ತಟ್ಟಬಾರದು" ಎನ್ನುವುದು ಅವರ ಮಾತು.

ಮನೆಯಲ್ಲಿ ಎಲ್ಲರಿಗೂ ಕೆಲಸ ಹಂಚಿಕೆಯಾಗಿತ್ತು. ಜಾಡಿ ತರುವುದು ಇವರು, ಅಂದರೆ ನನ್ನ ಗಂಡ. ಇವರು ಬಾಟಲಿ ಕಾರ್ಖಾನೆಯಲ್ಲಿ ಬಾಟಲಿ ನೋಡುವವರು. ಬೆಳಕಿನ ಮುಂದೆ ಸಾಲಾಗಿ ಬರುವ ಬಾಟಲಿಗಳಲ್ಲಿ ಬಿರುಕು, ಗುಳ್ಳೆ ಇದ್ದದ್ದನ್ನು ಎತ್ತಿ ಪಕ್ಕಕ್ಕೆ ಹಾಕಬೇಕು. ಆ ಗುಳ್ಳೆ ಬಿದ್ದ ಜಾಡಿಗಳೇ ನಮ್ಮ ಡಬ್ಬಿಗಳು. ತಾರೀಖು ಬರೆದು ಅಂಟಿಸುವುದು ಮಗಳು. ಹದಿನೇಳು ವರ್ಷ, ಕಾಲೇಜು, ನಾಲಿಗೆ ಚುರುಕು. ಅಜ್ಜಿ ಅವಳಿಗೆ ಮೆಣಸಿನಕಾಯಿ ಎಂದು ಹೆಸರಿಟ್ಟಿದ್ದರು. ಸ್ಟೂಲು ಹತ್ತಿ ಹೊಸದನ್ನು ಹಿಂದಕ್ಕೆ ಇಡುವುದು ನಾನು. ಮುಂದಿನದನ್ನು ತೆಗೆಯುವ ಹಕ್ಕು ಮಾತ್ರ ಅತ್ತೆಯೊಬ್ಬರದೇ.

ನಾನು ಬೇಕರಿಯಲ್ಲಿ ಕೆಲಸಕ್ಕೆ ಹೋಗುವವಳು. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನದ ತನಕ ಬಿಸಿ ಬ್ರೆಡ್ಡು ಕಾಗದಕ್ಕೆ ಹಾಕಿ ಅಂಟಿಸುವುದು. ಕೂದಲೆಲ್ಲ ಬ್ರೆಡ್ಡಿನ ವಾಸನೆ. ಆದರೂ ಕೇಳಿ, ಮದುವೆಯಾಗಿ ಇಪ್ಪತ್ತು ವರ್ಷ ಈ ಮನೆಯಲ್ಲಿ ನಾನು ಒಂದು ದಿನವೂ ಹೊಸ ಬ್ರೆಡ್ಡು ತಿಂದವಳಲ್ಲ. ತಂದದ್ದು ಹಿಂದೆ ಹೋಗುತ್ತದೆ, ಒಣಗಿದ್ದು ಮುಂದೆ ಬರುತ್ತದೆ. ಬಿಸ್ಕತ್ತೂ ಅಷ್ಟೇ, ಮೆತ್ತಗಾದ ಮೇಲೆಯೇ ನಮ್ಮ ಬಾಯಿಗೆ.

"ಅತ್ತೆ, ಇವತ್ತೊಂದು ದಿನ ಹೊಸದನ್ನು ತಿಂದುಬಿಟ್ರೆ ಏನಾಗುತ್ತೆ?" ಎಂದು ಕೇಳಿದರೆ, "ಹಳೇದನ್ನ ಯಾರು ತಿಂತಾರೆ, ನಿಮ್ಮಪ್ಪನಾ?" ಎನ್ನುವರು. ನಮ್ಮಪ್ಪ ಸತ್ತು ಹದಿನೈದು ವರ್ಷವಾಗಿತ್ತು. ಅದು ಅವರಿಗೂ ಗೊತ್ತಿತ್ತು.

ಹೀಗಿರುವಾಗ ಕಾರ್ಖಾನೆಯಲ್ಲಿ ಗಾಜು ಕರಗಿಸುವ ಕುಲುಮೆ ಕೆಟ್ಟಿತು. ಒಳಗಿನ ಇಟ್ಟಿಗೆಯೆಲ್ಲ ಸವೆದುಹೋಗಿದೆ, ಪೂರ್ತಿ ಆರಿಸಿ ಹೊಸದಾಗಿ ಕಟ್ಟಬೇಕು, ಅಲ್ಲಿಯ ತನಕ ಕೆಲಸವಿಲ್ಲ, ಸಂಬಳವೂ ಇಲ್ಲ ಎಂದರಂತೆ. ಇವರು ಊಟಕ್ಕೆ ಕೂತಾಗ ಹೇಳಿದರು.

"ಎಷ್ಟು ದಿನ?" ಎಂದರು ಅತ್ತೆ.

"ಮೂರು ತಿಂಗಳು ಅಂತಾರೆ. ನಾಲ್ಕಾದ್ರೂ ಆಶ್ಚರ್ಯ ಇಲ್ಲ."

ಅತ್ತೆ ಕೈ ತೊಳೆದು ಬಂದು ಕಪಾಟಿನ ಎರಡೂ ಬಾಗಿಲು ತೆರೆದು ನಿಂತರು. ಮೇಲಿಂದ ಕೆಳಗೆ ನೋಡಿದರು. ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. "ಆಗುತ್ತೆ" ಎಂದರು. "ಬಿಗಿ ಹಿಡಿದ್ರೆ ನಾಲ್ಕು ತಿಂಗಳು ಆಗುತ್ತೆ. ಯಾರ ಹತ್ರಾನೂ ಕೈ ಚಾಚೋದು ಬೇಡ." ಮುಖ ನೋಡಬೇಕಿತ್ತು! ಹತ್ತು ವರ್ಷ ಕಡಿಮೆಯಾದ ಹಾಗೆ. ನನಗೆ ಮೈ ಉರಿಯಿತು. ಮಗನ ಕೆಲಸ ನಿಂತಿದೆ, ಈ ಅಮ್ಮನಿಗೆ ಸಂಭ್ರಮ. ಆಮೇಲೆ ಮಲಗಿ ಯೋಚಿಸಿದಾಗ ನನಗೂ ಒಳಗೊಳಗೆ ಧೈರ್ಯ ಬಂದಿತ್ತು ಅನ್ನುವುದು ಸುಳ್ಳಲ್ಲ. ಆ ಕಪಾಟು ಇಲ್ಲದಿದ್ದರೆ ನಾನೊಬ್ಬಳ ಸಂಬಳದಲ್ಲಿ ನಾಲ್ಕು ಹೊಟ್ಟೆ ತುಂಬುತ್ತಿರಲಿಲ್ಲ.

ಮರುದಿನದಿಂದ ಮನೆ ಹಾಸ್ಟೆಲಾಯಿತು. ಅಕ್ಕಿ ಅಳೆಯುವ ಲೋಟ ಬೇರೆಯಾಯಿತು, ಮೊದಲಿನದಕ್ಕಿಂತ ಸಣ್ಣದು. ಬೇಳೆ ಬೇಯಿಸಿದ ನೀರು ಬೆಳಿಗ್ಗೆ, ಬೇಳೆ ಸಂಜೆ. ತರಕಾರಿ ಸಿಪ್ಪೆ ಗಂಜಿಗೆ. ಸ್ನಾನದ ನೀರು ಬಟ್ಟೆಗೆ, ಬಟ್ಟೆಯ ನೀರು ನೆಲಕ್ಕೆ. ಹಳೆಯ ಹಾಸಿಗೆಬಟ್ಟೆ ನಡುವೆ ಸವೆದಿತ್ತು. ಅತ್ತೆ ಅದನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ನಡುವೆ ತಂದು ಹೊಲಿದು ಹೊಸದು ಮಾಡಿದರು. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಾಗ ಮಗಳು ಬಚ್ಚಲ ಬಾಗಿಲಲ್ಲಿ ನಿಂತು ನಕ್ಕಳು.

"ಅಜ್ಜಿ, ಪೋಸ್ಟ್‌ಮಾರ್ಟಮ್ಮಾ?"

"ನಗು, ನಗು. ಇದರಲ್ಲಿ ಇನ್ನೂ ಒಂದು ವಾರ ಹಲ್ಲುಜ್ಜಬಹುದು. ಆಗ ಇನ್ನೂ ಚೆನ್ನಾಗಿ ನಗ್ತೀಯ."

ಇವರ ಪಾಡು ಬೇರೆ. ಕೆಲಸವಿಲ್ಲದ ಗಂಡಸು ಮನೆಯಲ್ಲಿ ಎಲ್ಲಿ ಕೂತರೂ ಅಡ್ಡ. ಮೊದಲ ವಾರ ಬಾಗಿಲ ಕೀಲಿಗೆ ಎಣ್ಣೆ ಹಾಕಿದರು, ಕುಂಟುವ ಸ್ಟೂಲಿಗೆ ಕಾಲು ಕೂಡಿಸಿದರು. ಎರಡನೇ ವಾರ ಮಾಡಲು ಏನೂ ಉಳಿಯಲಿಲ್ಲ. ಅಭ್ಯಾಸಬಲ, ಊಟಕ್ಕೆ ಕೂತಾಗ ನೀರಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿ ನೋಡುವರು. ಒಂದು ಮಧ್ಯಾಹ್ನ ಮೂರನೇ ರೊಟ್ಟಿಗೆ ಕೈ ಹಾಕಿದರು.

"ಎರಡು ಸಾಕಪ್ಪ" ಎಂದರು ಅತ್ತೆ. "ಕೂತು ಉಣ್ಣೋರಿಗೆ ಕುಡಿಕೆ ಹೊನ್ನು ಸಾಲದು ಅಂತ ಸುಮ್ನೆ ಹೇಳಿಲ್ಲ ದೊಡ್ಡೋರು."

ಗಾದೆ ಬಾಯಿಗೆ ಬಂತು, ಹೇಳಿದರು; ಮಗನಿಗೆ ತಾಗಲಿ ಎಂದು ಹೇಳಿದ್ದಲ್ಲ. ಆದರೆ ಇವರ ಮುಖ ಸುಟ್ಟ ಹಾಗಾಯಿತು. ರೊಟ್ಟಿಯನ್ನು ತಟ್ಟೆಗೆ ಹಾಕಿ ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಅತ್ತೆ ತಟ್ಟೆ ಎತ್ತಿಕೊಂಡು ಅಲ್ಲಿಗೇ ಹೋದರು.

"ಏಳೋ, ತಿನ್ನು. ಬಾಯಿ ಜಾರ್ತು."

"ಬೇಡಮ್ಮ. ಹೊಟ್ಟೆ ತುಂಬ್ತು."

"ಅಮ್ಮನ ಮಾತಿಗೆ ಯಾರಾದ್ರೂ ಬೇಜಾರು ಮಾಡ್ಕೋತಾರಾ?"

"ಬೇಜಾರಿಲ್ಲ. ನೀನು ಹೇಳಿದ್ದು ನಿಜ ತಾನೇ?"

ರೊಟ್ಟಿಯನ್ನು ಸಂಜೆ ಮಗಳು ತಿಂದಳು. ಅಂದಿನಿಂದ ಇವರು ಮನೆಯಲ್ಲಿ ಮಾತು ಕಡಿಮೆ ಮಾಡಿದರು. ಯಾವುದಕ್ಕೂ ಹೌದು ಇಲ್ಲ ಅನ್ನುವುದಿಲ್ಲ. ಅತ್ತೆ ಹೇಳಿದ್ದು ತರುವುದು, ತಂದದ್ದು ಕೊಡುವುದು, ಅಷ್ಟೇ.

ನನ್ನ ಜಗಳದ್ದು ಇನ್ನೊಂದು ಕಥೆ. ಬೇಕರಿಯ ಯಜಮಾನರು ಒಳ್ಳೆಯವರು. ನಮ್ಮ ಕಷ್ಟ ಗೊತ್ತಾದ ಮೇಲೆ ಅಚ್ಚಿನಿಂದ ತೆಗೆಯುವಾಗ ಮುರಿದ ಬ್ರೆಡ್ಡನ್ನು ನನಗೆ ಕೊಡುತ್ತಿದ್ದರು. ಬಿಸಿ ಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿಕೊಂಡು ಓಡೋಡಿ ಮನೆಗೆ ತಂದರೆ ಅತ್ತೆ ಹೇಳುವುದು ಒಂದೇ ಮಾತು, "ಹಿಂದೆ ಇಡು. ನಿನ್ನೆದು ಇನ್ನೂ ಇದೆ." ನಿನ್ನೆಯದನ್ನು ಇವತ್ತು ತಿಂದರೆ ಇವತ್ತಿನದು ನಾಳೆಗೆ ನಿನ್ನೆಯದು. ಹೀಗೆ ಮೂರು ವಾರ ದಿನಾ ಬಿಸಿ ಬ್ರೆಡ್ಡು ಹೊತ್ತು ತಂದು ದಿನಾ ಒಣಕಲು ತಿಂದೆವು.

ಒಂದು ದಿನ ಮಗಳು ಕಾಲೇಜಿನಿಂದ ಬೇಕರಿಯ ಕಡೆ ಬಂದಳು. ಇಬ್ಬರೂ ಕೂಡಿ ಮನೆಗೆ ಹೊರಟೆವು. ನನ್ನ ಕಂಕುಳಲ್ಲಿ ಬಟ್ಟೆಯ ಗಂಟು ಹಬೆಯಾಡುತ್ತಿತ್ತು. ಬೀದಿಯ ತಿರುವಿನಲ್ಲಿ ಮುಚ್ಚಿದ ಅಂಗಡಿಯ ಮೆಟ್ಟಿಲು ಕಂಡಿತು.

"ಅಮ್ಮ, ಒಂದು ತುಂಡು."

"ಅಜ್ಜಿ ಕೇಳಿದ್ರೆ?"

"ಅಜ್ಜಿಗೆ ಹೊಟ್ಟೆ ಒಳಗೆ ಕಾಣಿಸುತ್ತಾ?"

ಕೂತೆವು. ಒಂದು ತುಂಡು ಎರಡಾಯಿತು, ಎರಡು ನಾಲ್ಕಾಯಿತು. ಗಂಟಿನಲ್ಲಿ ಪುಡಿ ಮಾತ್ರ ಉಳಿಯಿತು. ಇಬ್ಬರೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಎಷ್ಟು ವರ್ಷವಾಗಿತ್ತೋ ಅವಳ ಜೊತೆ ಹಾಗೆ ನಕ್ಕು.

ಮನೆಯ ಬಾಗಿಲಲ್ಲೇ ಅತ್ತೆ ನಿಂತಿದ್ದರು. ಮೊಮ್ಮಗಳ ಕಾಲರಿನಿಂದ ಒಂದು ಪುಡಿ ಎತ್ತಿ ಬೆರಳಲ್ಲಿ ಹಿಸುಕಿ ನೋಡಿದರು. ಮೂವತ್ತೊಂದು ವರ್ಷ ಉಗ್ರಾಣ ನೋಡಿದ ಬೆರಳು!

"ಮೆತ್ತಗಿದೆ. ಇವತ್ತಿಂದು" ಎಂದರು. "ಕದ್ದು ತಿಂದ್ರಾ?"

"ಕದ್ದು ಅಂತ ಯಾಕಂತೀರ ಅತ್ತೆ? ನಂಗೆ ಕೊಟ್ಟಿದ್ದು, ನನ್ನ ಮಗಳು ತಿಂದ್ಲು."

"ಇವನು ಒಳಗೆ ಒಣಕಲು ತಿಂತಾ ಕೂತಿದಾನೆ. ನಾನೂ ಅದನ್ನೇ ತಿಂದೆ. ನೀವಿಬ್ರೂ ಬೀದೀಲಿ ಹಬ್ಬ ಮಾಡಿ ಬಂದ್ರಿ. ಅದಕ್ಕೆ ಬೇರೆ ಹೆಸರಿದ್ರೆ ಹೇಳು."

ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ನಾನು ಕೂಗಾಡಿದೆ. "ನಿಮ್ಮ ಉಗ್ರಾಣದಲ್ಲಿ ಯಾವತ್ತೂ ಹೊಸದು ಅಂತ ಒಂದಿದೆಯಾ ಅತ್ತೆ? ಎಲ್ಲಾನೂ ಹಳೇದು ಮಾಡಿ ಬಾಯಿಗೆ ಹಾಕ್ತೀರ! ಸಾಯೋದ್ರೊಳಗೆ ಒಂದು ದಿನ ನೀವಾದ್ರೂ ಬಿಸೀದು ತಿಂದು ಸಾಯಿರಿ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅತ್ತೆ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತರು. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಬೇಕಾದದ್ದನ್ನು ಮೊಮ್ಮಗಳ ಮೂಲಕ ಹೇಳಿಸುವರು. "ನಿಮ್ಮಮ್ಮನಿಗೆ ಹೇಳು, ಉಪ್ಪು ತೆಗೆದಿಟ್ಟಿದೀನಿ." "ನಿಮ್ಮಜ್ಜಿಗೆ ಹೇಳು, ನಂಗೆ ಕಣ್ಣು ಕಾಣುತ್ತೆ." ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು, "ನನ್ನನ್ನ ಪೋಸ್ಟ್‌ಮ್ಯಾನ್ ಮಾಡ್ಬಿಟ್ರಲ್ಲ!"

ಈ ಮೌನದ ಐದನೆಯ ದಿನ ಇವರು ಅತ್ತೆಯನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಂಟು ವರ್ಷದಿಂದ ಅತ್ತೆಗೆ ಬಿ.ಪಿ. ಮಾತ್ರೆ ನಡೆಯುತ್ತಿತ್ತು. ಬಂದವರೇ ಇವರು ಔಷಧಿಯ ಚೀಟಿಯನ್ನೂ ಮಾತ್ರೆಯ ಕವರನ್ನೂ ಮೇಜಿನ ಮೇಲಿಟ್ಟರು.

"ಬಿ.ಪಿ. ತುಂಬಾ ಏರಿದೆಯಂತೆ. ಹಳೇ ಮಾತ್ರೆ ಸಾಲ್ತಾ ಇಲ್ಲ, ಅದರ ಬದಲು ಇದು ತಗೋಬೇಕು ಅಂದ್ರು ಡಾಕ್ಟರ್."

"ತಗೋತೀನಿ" ಎಂದರು ಅತ್ತೆ. "ಹಳೇದು ಐವತ್ತು ಇದೆ. ಅದು ಮುಗೀಲಿ."

"ಇವತ್ತಿಂದಲೇ ಅಂದ್ರಮ್ಮ."

"ಅವರಿಗೇನು, ಹೇಳ್ತಾರೆ. ಐವತ್ತು ಮಾತ್ರೆ ಚರಂಡಿಗೆ ಹಾಕಲಾ? ಇಂಥ ಕಾಲದಲ್ಲಿ?"

ಇವರು ಮತ್ತೆ ಮಾತಾಡಲಿಲ್ಲ. ಮಗಳು ಎಂದಿನಂತೆ ಸ್ಕೆಚ್ ಪೆನ್ನು ತಂದು ಒಂದೊಂದು ಮಾತ್ರೆ ಹಾಳೆಯ ಬೆನ್ನಿಗೂ ತಾರೀಖು ಬರೆದಳು. ಬರೆದು ನನ್ನ ಕೈಗೆ ಕೊಟ್ಟಳು. ನಾನು ಸ್ಟೂಲು ಹತ್ತಿದೆ. ಎಲ್ಲವನ್ನೂ ಕಿವಿಯಾರೆ ಕೇಳಿದ್ದೆ. ಇದು ಸರಿಯಲ್ಲ ಎಂದು ನನಗೆ ಅನ್ನಿಸಿತು, ದೇವರಾಣೆ ಅನ್ನಿಸಿತು. ಆದರೆ ಮೊದಲು ಬಾಯಿ ಬಿಟ್ಟವಳು ಸೋತ ಹಾಗೆ. ನಿಮ್ಮ ಕಾನೂನು, ನಿಮ್ಮ ಮಾತ್ರೆ, ನನಗೇನು ಎಂದುಕೊಂಡು ಹಳೆಯ ಮಾತ್ರೆಗಳನ್ನು ಮುಂದಕ್ಕೆಳೆದೆ. ಹೊಸದನ್ನು ಹಿಂದೆ, ಗೋಡೆಗೆ ತಾಗಿಸಿ ಇಟ್ಟೆ. ಸ್ವಲ್ಪ ಸದ್ದಾಗುವ ಹಾಗೇ ಇಟ್ಟೆ. ಅವತ್ತು ನಾವೆಲ್ಲ ನಮ್ಮ ನಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದೆವು.

ಮಾತು ಬಿಟ್ಟು ಎಷ್ಟು ದಿನ ಇರಲಾಗುತ್ತದೆ, ಒಂದೇ ಒಲೆಯ ಮುಂದೆ? ಇನ್ನೊಂದು ವಾರದಲ್ಲಿ ಅದು ತಾನಾಗಿಯೇ ಕರಗಿತು. ಹಾಲು ಉಕ್ಕುತ್ತಿತ್ತು, ನಾನು "ಅತ್ತೆ, ಹಾಲು!" ಎಂದೆ, ಅವರು "ನೋಡ್ದೆ" ಎಂದರು, ಅಲ್ಲಿಗೆ ಮುಗಿಯಿತು. ಆದರೆ ಮಾತು ಬಂದ ಮೇಲೂ ನನಗೆ ಮಾತ್ರೆಯ ವಿಷಯ ನೆನಪಾಗಲಿಲ್ಲ. ಕಪಾಟಿನ ಹಿಂದೆ ಹೋದದ್ದು ನಮ್ಮ ತಲೆಯಿಂದಲೂ ಹೋಗುತ್ತಿತ್ತು, ಅದರ ಸರದಿ ಬಂದಾಗ ಅದು ತಾನೇ ಮುಂದೆ ಬರುತ್ತದೆಂಬ ನಂಬಿಕೆ.

ಎರಡನೇ ತಿಂಗಳು ಕಳೆಯಿತು. ಅತ್ತೆ ಬೆಳಿಗ್ಗೆ ತಲೆಗೆ ಒಂದು ಬಟ್ಟೆ ಬಿಗಿದುಕೊಂಡು ಅಕ್ಕಿ ಆರಿಸುವರು.

"ಏನತ್ತೆ, ತಲೆನೋವಾ?"

"ಬಿಸಿಲು."

"ಮಾತ್ರೆ ತಗೊಂಡ್ರಾ?"

"ಒಂದು ದಿನಾನೂ ತಪ್ಪಿಸಿಲ್ಲ."

ನಿಜವೇ. ಒಂದು ದಿನವೂ ತಪ್ಪಿಸಿರಲಿಲ್ಲ.

ಒಂದು ಸಂಜೆ ನಾನು ಹಿಟ್ಟು ಕಲೆಸುತ್ತಿದ್ದೆ. ಅತ್ತೆ ಬಾಗಿಲಿಗೆ ಒರಗಿ ಕೂತಿದ್ದರು. ಕಪಾಟಿನಲ್ಲಿ ಇನ್ನೂ ಐದಾರು ವಾರಕ್ಕೆ ಸಾಮಾನಿತ್ತು. ಕುಲುಮೆಯ ಇಟ್ಟಿಗೆ ಕೆಲಸ ಮುಗಿಯುತ್ತಾ ಬಂದಿದೆ ಎಂದು ಇವರು ಸುದ್ದಿ ತಂದಿದ್ದರು. ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ಹೇಗಿತ್ತೇ ಅದು?"

"ಯಾವುದು?"

"ಅವತ್ತು. ಮೆಟ್ಟಿಲ ಮೇಲೆ ತಿಂದ್ರಲ್ಲ. ಬಿಸಿ ಬ್ರೆಡ್ಡು."

ಹಳೆಯದನ್ನು ಕೆದಕುತ್ತಿದ್ದಾರೆ ಎಂದುಕೊಂಡೆ. "ಹೇಗಿರುತ್ತೆ, ಬ್ರೆಡ್ಡು ಬ್ರೆಡ್ಡಿನ ಹಾಗೇ ಇತ್ತು" ಎಂದುಬಿಟ್ಟೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಹಾಸ್ಟೆಲಿಗೆ ದಿನಾ ಬೆಳಿಗ್ಗೆ ವ್ಯಾನಲ್ಲಿ ಬರ್ತಿತ್ತು. ವಾಸನೆ ಅಂದ್ರೆ ವಾಸನೆ. ಎಣಿಸಿ ಒಳಗಿಡ್ತಿದ್ದೆ, ಒಂದು ದಿನಾನೂ ಬಾಯಿಗೆ ಹಾಕ್ಲಿಲ್ಲ. ನನ್ನದಲ್ಲ ಅದು." ಆಮೇಲೆ ಹೇಳಿದರು, "ಕುಲುಮೆ ಹಚ್ಚಿದ ದಿನ ಒಂದು ತಗೊಂಡು ಬಾ. ಮುರಿದಿದ್ದು ಬೇಡ, ಇಡೀದು. ನಾಲ್ಕೂ ಜನ ಬಿಸಿಯಾಗೇ ತಿಂದುಬಿಡೋಣ."

"ಮತ್ತೆ ನಿನ್ನೆದು?"

"ನಿನ್ನೆದನ್ನ ನಿಮ್ಮಪ್ಪ ತಿಂತಾನೆ" ಎಂದರು. ಇಬ್ಬರೂ ನಕ್ಕೆವು.

ಅದಾಗಿ ಎಂಟನೆಯ ದಿನ, ಬೆಳಿಗ್ಗೆ. ನಾನು ಬೇಕರಿಯಲ್ಲಿದ್ದೆ. ಮಗಳು ಓಡಿ ಬಂದಳು, ಕಾಲಲ್ಲಿ ಚಪ್ಪಲಿ ಇಲ್ಲ. "ಅಜ್ಜಿ ಬಿದ್ದಿದಾಳೆ. ಮಾತು ಬರ್ತಿಲ್ಲ. ಬಾಯಿ ಒಂದು ಕಡೆ ಹೋಗಿದೆ." ಅಕ್ಕಿ ಅಳೆಯುವಾಗ ಕೈಯಿಂದ ಲೋಟ ಜಾರಿತಂತೆ. ಚೆಲ್ಲಿದ್ದನ್ನು ಎಡಗೈಯಲ್ಲಿ ಬಳಿಯಲು ಹೋಗಿ ಹಾಗೇ ಮಗ್ಗುಲಾದರಂತೆ.

ಆಸ್ಪತ್ರೆಯಲ್ಲಿ ನರ್ಸು ಕೇಳಿದಳು, "ಯಾವ ಮಾತ್ರೆ ತಗೋತಿದ್ರು? ಎಲ್ಲಾ ತಗೊಂಡು ಬನ್ನಿ." ನಾನೇ ಮನೆಗೆ ಹೋದೆ. ಸ್ಟೂಲು ಹತ್ತಿದೆ. ಮುಂದೆ ಹಳೆಯ ಹಾಳೆಯಲ್ಲಿ ಆರು ಮಾತ್ರೆ ಉಳಿದಿದ್ದವು. ಹಿಂದೆ ಗೋಡೆಗೆ ತಾಗಿ, ನಾನಿಟ್ಟ ಹಾಗೇ, ಹೊಸದು. ಒಂದು ಮಾತ್ರೆಯನ್ನೂ ಬಿಡಿಸಿರಲಿಲ್ಲ. ಎರಡನ್ನೂ ತೆಗೆದುಕೊಂಡು ಆಸ್ಪತ್ರೆಗೆ ಓಡಿದೆ.

ಡಾಕ್ಟರಮ್ಮ ಹಾಳೆಗಳನ್ನು ತಿರುಗಿಸಿ ತಾರೀಖು ನೋಡಿದರು.

"ಇದು ನಾನು ಕೊಟ್ಟಿದ್ದು. ಆರು ವಾರದ ಮೇಲಾಯ್ತು. ಯಾಕೆ ಒಂದೂ ತಗೊಂಡಿಲ್ಲ?"

ಇವರು ನೆಲ ನೋಡುತ್ತಾ ಹೇಳಿದರು, "ಹಳೇದು ಮುಗೀಲಿ ಅಂತ, ಡಾಕ್ಟರೇ."

ಆಕೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ತಗೊಂಡಿದ್ರೆ ಹೀಗಾಗ್ತಿರ್ಲಿಲ್ಲ ಅಂತ ನಾನು ಹೇಳಲಾರೆ. ಆಗ್ತಿತ್ತು ಅಂತಾನೂ ಹೇಳಲಾರೆ" ಎಂದರು.

ಅತ್ತೆ ಮೂರು ದಿನ ಇದ್ದರು. ಮಾತಿಲ್ಲ. ಎಡಗೈಯಲ್ಲಿ ಹೊದಿಕೆಯ ಅಂಚನ್ನು ಮಡಚುವುದು, ಬಿಡಿಸುವುದು, ಮಡಚುವುದು. ಮೂರನೆಯ ದಿನ ಮಧ್ಯಾಹ್ನ ಆ ಕೈ ನಿಂತಿತು. ಇವರು ಅವರ ಕಾಲ ಹತ್ತಿರ ನಿಂತು ಚಿಕ್ಕ ಮಗುವಿನ ಹಾಗೆ ಅಮ್ಮ, ಅಮ್ಮ ಎಂದು ಅತ್ತರು. ನನಗೆ ಅಳು ಬರಲಿಲ್ಲ.

ಎಲ್ಲ ಮುಗಿಸಿ ಬಂದ ಮೇಲೆ ಮನೆ ತುಂಬ ಜನ. ಹಾಸ್ಟೆಲಿನ ಅಡುಗೆಯವರು, ಕಾರ್ಖಾನೆಯವರು, ಬೀದಿಯವರು, ಇವರ ಅಕ್ಕ ಮತ್ತು ಅವರ ಮಕ್ಕಳು. ನಾಲ್ಕೈದು ದಿನ ಬಂದವರಿಗೆಲ್ಲ ಊಟವಾಗಬೇಕು. ನಾನು ಕಪಾಟಿನ ಬಾಗಿಲು ತೆರೆದೆ. ಎಲ್ಲವೂ ಇತ್ತು. ಅಕ್ಕಿ ಇತ್ತು, ಬೇಳೆ ಇತ್ತು, ಎಣ್ಣೆ ಇತ್ತು. ಒಂದು ಸಂಜೆ ಕರೆಂಟು ಹೋದಾಗ ಮೇಣದಬತ್ತಿಯೂ ಇತ್ತು. ಯಾರ ಬಾಗಿಲನ್ನೂ ತಟ್ಟಲಿಲ್ಲ. "ಉಗ್ರಾಣದಮ್ಮ ತಮ್ಮ ಖರ್ಚಿಗೆ ತಾವೇ ಇಟ್ಟು ಹೋಗಿದಾರೆ" ಎಂದು ಯಾರೋ ಮೆಚ್ಚಿ ಹೇಳಿದರು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಬಟ್ಟೆ ಒತ್ತಿಕೊಂಡು ಆಗ ಅತ್ತುಬಿಟ್ಟೆ. ಅವರು ಬಿಗಿ ಹಿಡಿದು, ಹೊಟ್ಟೆಬಾಯಿ ಕಟ್ಟಿ ಉಳಿಸಿದ್ದೆಲ್ಲ ಐದೇ ದಿನದಲ್ಲಿ ಖಾಲಿಯಾಯಿತು.

ಜನ ಹೋದ ಮೇಲೆ ನಮ್ಮ ಜಗಳ ಶುರುವಾಯಿತು. ಊಟದ ತಟ್ಟೆಯ ಮುಂದೆ. ಶುರು ಮಾಡಿದವಳು ನಾನೇ.

"ಡಾಕ್ಟರ್ ಬಾಯಿಂದ ಕೇಳಿದೋರು ನೀವು. ಇದನ್ನೇ ತಗೋ ಅಂತ ಹೇಳೋಕೆ ಏನಾಗಿತ್ತು ನಿಮಗೆ?"

"ಹೇಳಿದೆ."

"ಎರಡು ಸಲ ಅಂದು ಸುಮ್ಮನಾದ್ರಿ!"

"ಮೂರನೇ ಸಲ ಹೇಳೋಕೆ ಈ ಮನೇಲಿ ನಂಗೆ ಬಾಯಿ ಎಲ್ಲಿತ್ತು?" ಎಂದರು ಇವರು. "ಕೂತು ತಿನ್ನೋನು ನಾನು."

ಆಮೇಲೆ ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ಸೋತ ದನಿಯಲ್ಲಿ ಕೇಳಿದರು. "ನೀನು ಅಮ್ಮನ ಜೊತೆ ಬ್ರೆಡ್ಡಿಗೆ ಜಗಳ ಆಡ್ದೆ. ಬಿಸ್ಕತ್ತಿಗೆ ಆಡ್ದೆ. ಇಪ್ಪತ್ತು ವರ್ಷ ದಿನಾ ಆಡ್ದೆ. ಇದೊಂದಕ್ಕೆ ಆಡಬಾರದಿತ್ತಾ?"

ಮಗಳು ತಟ್ಟೆ ಬಿಟ್ಟು ಎದ್ದಳು. "ತಾರೀಖು ಬರೆದೋಳು ನಾನು. ಇಂಗ್ಲಿಷ್ ಚೀಟಿ ಓದೋಕೆ ಬರೋದು ನಂಗೊಬ್ಬಳಿಗೇ. ನಂಗೂ ಬೈರಿ" ಎಂದು ಗೋಡೆಗೆ ಮುಖ ಮಾಡಿ ನಿಂತಳು. ಇವರು ಎದ್ದು ಹೋಗಿ ಅವಳ ತಲೆ ಹಿಡಿದುಕೊಂಡರು. ಅಂದು ಯಾರೂ ಊಟ ಮಾಡಲಿಲ್ಲ. ಅತ್ತೆ ಇದ್ದಿದ್ದರೆ ಆ ಅನ್ನವನ್ನು ಹಾಗೆ ಬಿಡಲು ಬಿಡುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಮೊದಲು ಅದನ್ನೇ ತಿಂದೆವು.

ಹೊಸ ಮಾತ್ರೆಗಳನ್ನು ಇವರು ಆಸ್ಪತ್ರೆಗೆ ಹಿಂದಕ್ಕೆ ಕೊಟ್ಟು ಬಂದರು. ಹಳೆಯ ಆರು ಮೇಲಿನ ಹಲಗೆಯಲ್ಲಿ ಹಾಗೇ ಇವೆ. ಎಸೆಯಲು ಕೈ ಬರುವುದಿಲ್ಲ.

ಅತ್ತೆ ಹೋದ ಮೂರನೇ ವಾರ ಕುಲುಮೆ ಹಚ್ಚಿದರು. ಇವರು ಬೆಳಿಗ್ಗೆ ಹೋದವರು ಮಧ್ಯಾಹ್ನ ಬಂದರು, ಬಟ್ಟೆಗೆಲ್ಲ ಕಾರ್ಖಾನೆಯ ವಾಸನೆ. ನಾನು ಬೇಕರಿಯಲ್ಲಿ ಯಜಮಾನರಿಗೆ ಹೇಳಿ ಒಂದು ಇಡೀ ಬ್ರೆಡ್ಡು ಕೊಂಡೆ. ಮುರಿದದ್ದಲ್ಲ. ಒಲೆಯಿಂದ ಆಗಷ್ಟೇ ತೆಗೆದದ್ದು. ದಾರಿಯುದ್ದಕ್ಕೂ ಬಟ್ಟೆಯೊಳಗಿಂದ ಕೈ ಸುಡುತ್ತಿತ್ತು.

ಮನೆಗೆ ಬಂದೆ. ಕಾಲು ತಾನಾಗಿಯೇ ಕಪಾಟಿನ ಹತ್ತಿರ ಹೋಯಿತು. ಬಾಗಿಲು ತೆರೆದು, ನಡುವಿನ ಹಲಗೆಯ ಒಳಗೆ ಕೈ ಚಾಚಿ, ಹಿಂದೆ, ಗೋಡೆಗೆ ತಾಗಿಸಿ ಬ್ರೆಡ್ಡನ್ನು ಇಟ್ಟೆ.

"ಅಮ್ಮ" ಎಂದಳು ಮಗಳು. "ಏನು ಮಾಡ್ತಿದೀಯ?"

ನನಗೆ ಕೈ ತೆಗೆಯಲಾಗಲಿಲ್ಲ.

ಅವಳು ಪಕ್ಕಕ್ಕೆ ಬಂದು ಬಗ್ಗಿ ನೋಡಿದಳು. "ಅದರ ಮುಂದೆ ಏನೂ ಇಲ್ಲಮ್ಮ. ಎಲ್ಲಾ ಖಾಲಿ. ಅಜ್ಜಿ ಇದ್ದಿದ್ರೂ ಇವತ್ತು ಇದನ್ನೇ ತೆಗಿ ಅಂತಿದ್ಳು."

ಅವಳೇ ತೆಗೆದಳು. ಮುಂದಿನದನ್ನು ತೆಗೆಯುವ ಹಕ್ಕು ಅವತ್ತು ಅವಳಿಗೆ ಹೋಯಿತು. ಮೂವರೂ ನೆಲದ ಮೇಲೆ ಕೂತೆವು. ಇವರು ಕೈಯಿಂದಲೇ ಮುರಿದು ಕೊಟ್ಟರು. ಹಬೆ ಎದ್ದಿತು. ಒಂದು ತುಂಡು ಬಾಯಿಗಿಟ್ಟು ಇವರು ತುಂಬ ಹೊತ್ತು ಅಗಿದರು.

"ಹೇಗಿದೆ?" ಎಂದೆ.

ಇವರು ತಲೆಯಾಡಿಸಿದರು.

ಹೇಗಿದೆ ಎಂದು ಹೇಳಲು ನನಗೆ ಗೊತ್ತಿತ್ತು. ಮೇಲೆ ಗರಿಗರಿ, ಮುರಿದರೆ ಸದ್ದು ಬರುತ್ತದೆ. ಒಳಗೆ ಹತ್ತಿಯ ಹಾಗೆ. ನಾಲಿಗೆಗೆ ಸಿಹಿ ಅನ್ನುವಷ್ಟು ಸಿಹಿಯಲ್ಲ, ಆದರೆ ಸಿಹಿ. ಅಗಿಯುವುದೇ ಬೇಡ, ಹಲ್ಲಿಲ್ಲದವರೂ ತಿನ್ನಬಹುದು. ಅವತ್ತು ಬಾಗಿಲಿಗೆ ಒರಗಿ ಕೂತು ಅತ್ತೆ ಕೇಳಿದಾಗ ಇಷ್ಟನ್ನು ಹೇಳಬಹುದಿತ್ತು. ಮರುದಿನ ಮಧ್ಯಾಹ್ನ ಬೇಕರಿಯಿಂದ ಒಂದು ತುಂಡು ತಂದು ಕೈಗೆ ಕೊಡಬಹುದಿತ್ತು. ಕುಲುಮೆ ಹಚ್ಚಲಿ, ಆಮೇಲೆ ಎಂದುಕೊಂಡು ನಾನೂ ಅದನ್ನು ಹಿಂದೆ ಇಟ್ಟೆ.